ನೆರೆಯ ಸೀಮೆಯ ಕಲಾವಿದ ಕೆ. ಲಕ್ಷ್ಮಾ ಗೌಡ್

ಬೀದರಿನಿಂದ ಹೈದರಾಬಾದಿಗೆ ಹೋಗುವ ರಸ್ತೆ ಜಹೀರಾಬಾದಿನ ಬಳಿ ಹೆದ್ದಾರಿಯನ್ನು ಸೇರಿದ ಮೇಲೆ ಹಾದುಹೋಗುವುದೆಲ್ಲ ಹಳೆಯ ಮೇದಕ್ ಜಿಲ್ಲೆಯ ಊರುಗಳ ನಡುವೆಯೇ. ಆ ಜಿಲ್ಲೆಯ ನಿಜಾಂಪುರ ಎಂಬ ಹಳ್ಳಿಯಲ್ಲಿ 1940ರಲ್ಲಿ ಹುಟ್ಟಿದ ಕೆ. ಲಕ್ಷ್ಮಾ ಗೌಡ್ ಅವರನ್ನು ಕಲಾ ಪತ್ರಿಕೆಗಳು ತೆಲಂಗಾಣದ ಕಲಾವಿದರೆಂದೇ ಪರಿಚಯಿಸುತ್ತವೆ. ಅದು ಸರಿಯೇ. ಆದರೆ ಅವರು ಹುಟ್ಟಿದಾಗ ಮೇದಕ್ ಮತ್ತು ಬೀದರ್ ಎರಡೂ ನಿಜಾಮರ ಆಳ್ವಿಕೆಯ ಜಿಲ್ಲೆಗಳಾಗಿದ್ದವು. ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಜಿಲ್ಲೆಗೇ ಸೇರಿದ್ದವು. ಆದ್ದರಿಂದ ಅವರ ಚಿತ್ರಗಳಲ್ಲಿ ಬರುವ ರುಮಾಲಿನ ಗಂಡಸರು, ಮೂಗುತಿಯ ಹೆಂಗಸರು, ಆಡುಗಳು, ಮುಳ್ಳುಗಿಡಗಳು ಭಾಲ್ಕಿಯ ಅಥವಾ ಹುಮನಾಬಾದಿನ ಸಂತೆ ಕಂಡವರಿಗೆ ಬೇರೆ ರಾಜ್ಯದವೆಂದು ಅನ್ನಿಸುವುದಿಲ್ಲ. ಬೀದರಿನವನಾದ ನಾನು ಅವರ ಬಗ್ಗೆ ಬರೆಯಲು ಇದೊಂದು ಕಾರಣ. ಇನ್ನೊಂದು ಕಾರಣ ಅವರ ಗೆರೆ.

ಬಾಲ್ಯದಲ್ಲಿ ಹಳ್ಳಿಯ ತೊಗಲುಗೊಂಬೆಯಾಟವನ್ನೂ ಮಣ್ಣಿನ ಕೆಲಸ ಮಾಡುವವರ ಕೈಚಳಕವನ್ನೂ ನೋಡುತ್ತ ಬೆಳೆದ ಲಕ್ಷ್ಮಾ ಗೌಡ್, ಹೈದರಾಬಾದಿನ ಸರ್ಕಾರಿ ಕಲಾ ಶಾಲೆಯಲ್ಲಿ 1963ರಲ್ಲಿ ಡಿಪ್ಲೊಮಾ ಮುಗಿಸಿ, ಭಿತ್ತಿಚಿತ್ರ ಮತ್ತು ಮುದ್ರಣಕಲೆಯನ್ನು ಕಲಿಯಲು ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಕೆ. ಜಿ. ಸುಬ್ರಮಣ್ಯನ್. ಶಾಂತಿನಿಕೇತನದಲ್ಲಿ ಕಲಿತು ಬಂದಿದ್ದ ಸುಬ್ರಮಣ್ಯನ್ ಆಟಿಕೆಗಳನ್ನು ಮಾಡುತ್ತಿದ್ದರು, ಸುಟ್ಟಮಣ್ಣಿನ ಉಬ್ಬುಶಿಲ್ಪಗಳನ್ನು ರಚಿಸುತ್ತಿದ್ದರು, ಕಲೆಯ ಕುರಿತು ಪ್ರಬಂಧಗಳನ್ನೂ ಬರೆಯುತ್ತಿದ್ದರು. ಚಿತ್ರಕಾರ ಮೇಲಿನವನು, ಕುಶಲಕರ್ಮಿ ಕೆಳಗಿನವನು ಎಂಬ ಭೇದವನ್ನು ಅವರು ಒಪ್ಪಿದವರಲ್ಲ. ಅಂತಹ ಗುರುವಿನ ಬಳಿಗೆ ಹೋದ ಹಳ್ಳಿಯ ಹುಡುಗನೊಬ್ಬ ತಾನು ಕಂಡು ಬೆಳೆದದ್ದನ್ನು ಮುಚ್ಚಿಡಬೇಕಾದ ಅಗತ್ಯವೇ ಇರಲಿಲ್ಲ. ಲಕ್ಷ್ಮಾ ಗೌಡ್ ಮುಂದೆ ಮಾಡಿದ ಕೆಲಸದಲ್ಲಿ ಒಂದೇ ಮಾಧ್ಯಮಕ್ಕೆ ಅಂಟಿಕೊಳ್ಳದ ಸ್ವಭಾವವೊಂದು ಕಾಣುತ್ತದಲ್ಲ, ಅದರ ಬೇರು ಬರೋಡಾದ ಈ ಪಾಠದಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಆದರೂ ಅವರು ಮೊದಲು ಹೆಸರಾದದ್ದು ಎಚ್ಚಿಂಗ್‌ನಿಂದ. ಬೀದರಿನ ಓದುಗರಿಗೆ ಈ ವಿಧಾನವನ್ನು ವಿವರಿಸುವುದು ಸುಲಭ. ನಮ್ಮ ಬಿದರಿ ಕೆಲಸದಲ್ಲಿ ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಹೂಬಳ್ಳಿಗಳನ್ನು ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿಯನ್ನು ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಎಚ್ಚಿಂಗ್‌ನಲ್ಲಿಯೂ ಬಹುಮಟ್ಟಿಗೆ ಬಳಕೆಯಾಗುವುದು ಸತು ಅಥವಾ ತಾಮ್ರದ ತಗಡೇ. ಆದರೆ ಅಲ್ಲಿ ಕೊರೆಯುವ ಕೆಲಸ ಆಮ್ಲದ್ದು. ತಗಡಿಗೆ ಮೇಣ ಬೆರೆತ ಲೇಪವನ್ನು ಹಚ್ಚಿ, ಸೂಜಿಯಿಂದ ಅದರ ಮೇಲೆ ಚಿತ್ರ ಗೀರಿ, ಆಮ್ಲದಲ್ಲಿ ಮುಳುಗಿಸಿದರೆ ಲೇಪ ಹರಿದ ಕಡೆಗಳಲ್ಲಿ ಮಾತ್ರ ಲೋಹ ಕರಗಿ ಗೆರೆ ಇಳಿಯುತ್ತದೆ. ಎಷ್ಟು ಹೊತ್ತು ಮುಳುಗಿಸಿದರೋ ಗೆರೆ ಅಷ್ಟು ಆಳ, ಅಷ್ಟು ಕಪ್ಪು. ಅನಂತರ ಲೇಪವನ್ನು ತೆಗೆದು, ಗೆರೆಯೊಳಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಭಾರವಾದ ಉರುಳೆಗಳ ನಡುವೆ ಒತ್ತಿ ತೆಗೆಯುತ್ತಾರೆ. ನೆರಳಿನ ಬಣ್ಣ ಬೇಕಾದರೆ ರಾಳದ ಪುಡಿಯನ್ನು ತಗಡಿನ ಮೇಲೆ ಉದುರಿಸಿ ಕಾಯಿಸುವ ಅಕ್ವಾಟಿಂಟ್ ವಿಧಾನವಿದೆ.

ಈ ವಿಧಾನದಲ್ಲಿ ತಿದ್ದುಪಡಿಗೆ ಅವಕಾಶ ಕಡಿಮೆ. ಲೋಹದಲ್ಲಿ ಇಳಿದ ಗೆರೆಯನ್ನು ಅಳಿಸಬೇಕಾದರೆ ಲೋಹವನ್ನೇ ಕೆರೆದು ಉಜ್ಜಬೇಕು. 1960ರ ದಶಕದ ಕೊನೆಯಿಂದ 1970ರ ದಶಕದುದ್ದಕ್ಕೂ ಲಕ್ಷ್ಮಾ ಗೌಡ್ ಮಾಡಿದ ಕಪ್ಪು ಬಿಳುಪಿನ ಎಚ್ಚಿಂಗ್‌ಗಳನ್ನೂ ರೇಖಾಚಿತ್ರಗಳನ್ನೂ ನೋಡುವಾಗ ಈ ಮಾತನ್ನು ನೆನಪಿನಲ್ಲಿಡಬೇಕು. ಕೂದಲೆಳೆಯಷ್ಟು ಸಣ್ಣ ಗೆರೆಗಳು ಒತ್ತೊತ್ತಾಗಿ ಬಂದು ಒಂದು ಕಡೆ ಆಡಿನ ಮೈಯಾಗುತ್ತವೆ, ಇನ್ನೊಂದು ಕಡೆ ಬಂಡೆಯಾಗುತ್ತವೆ, ಮತ್ತೊಂದು ಕಡೆ ಹೆಣ್ಣಿನ ತೊಡೆಯಾಗುತ್ತವೆ. ಮೈ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ.

ಈ ಕೃತಿಗಳಲ್ಲಿ ಕಾಮ ಬಿಚ್ಚುಮನಸ್ಸಿನಿಂದ ಬರುತ್ತದೆ. ಮನುಷ್ಯ, ಪ್ರಾಣಿ, ಗಿಡ ಎಲ್ಲವೂ ಒಂದೇ ಬಯಕೆಯ ಬೇರೆ ಬೇರೆ ರೂಪಗಳೆಂಬಂತೆ ಹೆಣೆದುಕೊಂಡಿರುತ್ತವೆ. ಅವುಗಳನ್ನು ಅಶ್ಲೀಲವೆಂದು ಬದಿಗೆ ಸರಿಸಿದವರೂ ಇದ್ದಾರೆ, ನಗರದವರ ರುಚಿಗೆಂದು ಮಾಡಿದ್ದೆಂದು ಅನುಮಾನಿಸುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಜಾತ್ರೆಯ ಹಾಡುಗಳಲ್ಲಿ, ಹೊಲದ ಕೆಲಸದ ನಡುವಿನ ತಮಾಷೆಯಲ್ಲಿ, ಮದುವೆಮನೆಯ ಹೆಂಗಸರ ಬೀಗರ ಪದಗಳಲ್ಲಿ ನಮ್ಮ ಕಡೆಯ ಹಳ್ಳಿಗಳು ಯಾವ ಸಂಕೋಚವೂ ಇಲ್ಲದೆ ಆಡುವ ಮಾತುಗಳು ಪಟ್ಟಣದ ಸಭ್ಯಸ್ಥರ ಕಿವಿಗೆ ಬಿದ್ದೊಡನೆ ಹೇಸಿಗೆಯಾಗಿಬಿಡುತ್ತವೆ. ಲಕ್ಷ್ಮಾ ಗೌಡ್ ನಿಂತದ್ದು ಹಳ್ಳಿಯ ಕಡೆ. ಹಾಗೆಂದು ಅವರ ಹಳ್ಳಿ ಸುಖದ ಬೀಡೂ ಅಲ್ಲ. ಆ ಗಂಡಸರ ಕಣ್ಣುಗಳಲ್ಲಿ ಹಸಿವಿದೆ, ಕೆಲವೊಮ್ಮೆ ಕ್ರೌರ್ಯವೂ ಇದೆ, ನೆಲ ಬರಡಾಗಿದೆ. ಹಳ್ಳಿಯನ್ನು ಪ್ರೀತಿಸುತ್ತೇನೆಂದು ಹೇಳಿಕೊಂಡು ಅದಕ್ಕೆ ಸಿಹಿ ಬಳಿಯುವ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಈ ಹಾಳೆಗಳು ಆ ಸಾಲಿಗೆ ಸೇರುವುದಿಲ್ಲ.

ಉದ್ಯೋಗದ ಬದುಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಹೈದರಾಬಾದಿನಲ್ಲಿ ದೂರದರ್ಶನಕ್ಕಾಗಿ ಗ್ರಾಫಿಕ್ ಕಲಾವಿದರಾಗಿ ದುಡಿದರು. ಬಳಿಕ ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಹೆಸರಿನ ಕಲಾ ವಿಭಾಗದಲ್ಲಿ ಪಾಠ ಹೇಳಿ, ಅದರ ಡೀನ್ ಕೂಡ ಆದರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. (ಏಳು ವರ್ಷಗಳ ನಂತರ, 2023ರಲ್ಲಿ, ನಮ್ಮ ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೂ ಅದೇ ಗೌರವ ಸಂದಿತು. ಸುಬ್ರಮಣ್ಯನ್ ಅವರ ಪಾಠವನ್ನು ಸರ್ಕಾರವೂ ತಡವಾಗಿ ಕಲಿತಂತೆ ನನಗೆ ಆಗ ಅನ್ನಿಸಿತ್ತು.)

ಕ್ರಮೇಣ ಅವರ ಕೃತಿಗಳಿಗೆ ಬಣ್ಣ ಬಂದಿತು. ಜಲವರ್ಣ, ಗ್ವಾಶ್ ಎಂಬ ದಟ್ಟ ನೀರುಬಣ್ಣ, ಪಾಸ್ಟೆಲ್ ಎಂಬ ಬಣ್ಣದ ಕಡ್ಡಿಗಳ ಜೊತೆಗೆ ಗಾಜಿನ ಹಿಂಬದಿಯಲ್ಲಿ ಚಿತ್ರ ಬರೆಯುವ ಹಳೆಯ ಪದ್ಧತಿಯನ್ನೂ ಅವರು ಕೈಗೆತ್ತಿಕೊಂಡರು. ಗಾಜಿನ ಚಿತ್ರದಲ್ಲಿ ಕ್ರಮವೆಲ್ಲ ಉಲ್ಟಾ: ಕಣ್ಣಿನ ಕಾಡಿಗೆ, ಮೂಗುತಿಯ ಹರಳು ಮೊದಲು ಬರೆಯಬೇಕು, ಮುಖದ ಬಣ್ಣ ಆಮೇಲೆ, ಹಿನ್ನೆಲೆ ಎಲ್ಲಕ್ಕಿಂತ ಕೊನೆಗೆ. ಗೆರೆಯ ಮೇಲೆ ಹಿಡಿತವಿದ್ದವರಿಗೆ ಮಾತ್ರ ಇದು ಒಲಿಯುತ್ತದೆ. ಈ ಹಂತದಲ್ಲಿ ಜೋಡಿಯಾಗಿ ಕುಳಿತ ಗಂಡು ಹೆಣ್ಣು, ಹೂ ಮುಡಿದ ಹೆಂಗಸರು, ಬಣ್ಣಬಣ್ಣದ ಸೀರೆಯಂಚುಗಳು ಹೆಚ್ಚಾದವು, ಕೊಳ್ಳುವವರೂ ಹೆಚ್ಚಾದರು. ಕುಶಲತೆ ಕುಂದಲಿಲ್ಲ, ಆದರೆ ಮೊದಲಿನ ಎಚ್ಚಿಂಗ್‌ಗಳಲ್ಲಿದ್ದ ಇರಿತ ಇಲ್ಲಿ ಮೆತ್ತಗಾಯಿತು ಎಂಬುದು ನನ್ನ ಅಭಿಪ್ರಾಯ. ಕೆಲವು ಮುಖಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಕಲಾವಿದ ತನ್ನ ಕೈಯ ಅಭ್ಯಾಸಕ್ಕೆ ತಾನೇ ಸೋತಂತೆ ತೋರುತ್ತದೆ.

ಆ ಇರಿತ ಮರಳಿ ಬಂದದ್ದು ಶಿಲ್ಪದಲ್ಲಿ. ಸುಟ್ಟಮಣ್ಣಿನಲ್ಲಿ ಮತ್ತು ಕಂಚಿನಲ್ಲಿ ಅವರು ಅದೇ ಹಳ್ಳಿಗರ ತಲೆಗಳನ್ನೂ ಆಡುಗಳನ್ನೂ ಮಾಡಿದರು. ಚಿತ್ರಕಾರರು ಶಿಲ್ಪಕ್ಕೆ ಕೈಹಾಕಿದಾಗ ಅನೇಕ ವೇಳೆ ಚಿತ್ರವನ್ನೇ ಎಬ್ಬಿಸಿ ನಿಲ್ಲಿಸಿದಂತಿರುತ್ತದೆ: ಮುಂದಿನಿಂದ ಚೆನ್ನ, ಹಿಂದೆ ಹೋದರೆ ಏನೂ ಇಲ್ಲ. ಲಕ್ಷ್ಮಾ ಗೌಡ್ ಅವರ ತಲೆಗಳಿಗೆ ಭಾರವಿದೆ; ದಪ್ಪ ಕತ್ತು, ಉಬ್ಬಿದ ಕೆನ್ನೆಯೆಲುಬು, ಬಿಗಿದ ತುಟಿ ಇವೆಲ್ಲ ಹೆಬ್ಬೆರಳಿನಿಂದ ಒತ್ತಿ ಮಾಡಿದ್ದೆಂದು ತಿಳಿಯುತ್ತದೆ. ಕಂಚಿನ ಎರಕದಲ್ಲಿ ಮೊದಲು ಮೇಣದಲ್ಲಿ ರೂಪ ಮಾಡಿ, ಮಣ್ಣಿನ ಅಚ್ಚಿನೊಳಗೆ ಮೇಣವನ್ನು ಕರಗಿಸಿ ಹರಿಸಿ, ಆ ಜಾಗಕ್ಕೆ ಲೋಹವನ್ನು ಹೊಯ್ಯುವ ಪದ್ಧತಿಯೊಂದಿದೆ. ಮೇಣದ ಮೇಲೆ ಗೀರಿದ ಗೆರೆಯೂ ಕಂಚಿನ ಮೇಲೆ ಹಾಗೆಯೇ ಮೂಡುವುದು ಅದರ ಗುಣ. ಹಸಿ ಮಣ್ಣಿನದೂ ಅದೇ ಗುಣ. ಸೂಜಿಯಿಂದ ಗೀರಿ ಕಲಿತ ಕೈಗೆ ಈ ಎರಡು ವಸ್ತುಗಳು ಸಿಕ್ಕಿದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಅವರ ಶಿಲ್ಪದ ಕಡೆಗಿನ ನಡಿಗೆಯನ್ನು ಹೊಸ ದಾರಿ ಹಿಡಿದದ್ದೆಂದು ಬಣ್ಣಿಸುವುದಕ್ಕಿಂತ, ತಗಡಿನ ಮೇಲೆ ಶುರುವಾದ ಕೆಲಸಕ್ಕೆ ದುಂಡುತನ ದೊರೆತದ್ದೆಂದು ತಿಳಿಯುವುದು ಸರಿಯೆಂದು ತೋರುತ್ತದೆ.

ಕಲಬುರಗಿಯಲ್ಲೋ ಬೀದರಿನಲ್ಲೋ ಚಿತ್ರಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಮೊಬೈಲಿನಲ್ಲಿ ಮೊದಲು ಸಿಗುವುದು ಅವರ ಬಣ್ಣದ ಜೋಡಿಮುಖಗಳೇ. ಅಲ್ಲಿಗೆ ನಿಲ್ಲಬಾರದು. ಕಪ್ಪು ಬಿಳುಪಿನ ಹಾಳೆಗಳಲ್ಲಿ ಹಲವು ಚಿಕ್ಕ ಗಾತ್ರದವು, ಒಂದು ಮೊಳದ ದೂರದಿಂದ ನೋಡಬೇಕಾದವು. ತಗಡಿನ ಅಂಚು ಕಾಗದದಲ್ಲಿ ಬಿಟ್ಟ ತಗ್ಗು, ಶಾಯಿಯ ಗೆರೆ ಕಾಗದದಿಂದ ಮೇಲೆದ್ದು ನಿಂತ ಬಗೆ ಪರದೆಯ ಮೇಲೆ ಕಾಣುವುದಿಲ್ಲ. ಹೈದರಾಬಾದಿನ ಗ್ಯಾಲರಿಯೊಂದರಲ್ಲಿ ಅವರ ಮುದ್ರಣಗಳ ಪ್ರದರ್ಶನವಿದೆಯೆಂದು ತಿಳಿದರೆ ಬೆಳಗಿನ ಬಸ್ಸು ಹಿಡಿದು ನೋಡಿ, ರಾತ್ರಿಯೊಳಗೆ ಊರಿಗೆ ಹಿಂತಿರುಗಬಹುದು. ಹೋಗುವಾಗ ಭೂತಗನ್ನಡಿಯೊಂದು ಜೊತೆಗಿರಲಿ.