ಎಣ್ಣೆ ದಿನಾ ಬೇಕು, ಪ್ಯಾನಲ್ ಒಂದ್ಸಲ ಸಾಕು

(ಕಚ್ಚಾ ಎಣ್ಣೆ ಸ್ವಾಮಿ, ನೀವಂದ್ಕೊಂಡಿದ್ದಲ್ಲ.)

ನನಗೊಬ್ಬ ಫ್ರೆಂಡ್ ಇದಾನೆ, ಅವನ ಹತ್ರ ಕರೆಂಟಿನ ವಿಷಯ ತೆಗೆದ್ರೆ ರಾತ್ರಿ ಒಂದು ಗಂಟೆ ಆದ್ರೂ ಮುಗಿಯಲ್ಲ. ಅವನು ಅಣುವಿದ್ಯುತ್ ಪಾರ್ಟಿ, ನಾನು ಸೋಲಾರ್ ಪಾರ್ಟಿ. ಪಾರ್ಟಿ ಅಂತ ಬೇಕಂತಲೇ ಬರ್ದಿದೀನಿ, ಯಾಕಂದ್ರೆ ಈಗ ಎಷ್ಟೋ ದೇಶಗಳಲ್ಲಿ ಹಂಗೇ ಆಗೋಗಿದೆ, ಗಾಳಿಯಂತ್ರ ಒಳ್ಳೇದು ಅಂತ ಬಾಯ್ಬಿಟ್ರೆ ಸಾಕು ನೀವು ಯಾರಿಗೆ ಓಟ್ ಹಾಕ್ತೀರ ಅಂತ ಎದುರಿಗಿರೋರು ಲೆಕ್ಕ ಹಾಕ್ಬಿಟ್ಟಿರ್ತಾರೆ. ಆ ಟರ್ಬೈನಿಗೆ ಎಡ ಬಲ ಏನ್ ಗೊತ್ತು ಪಾಪ.

2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸಲ್ಲಿ ಚಳಿಗೆ ಗ್ರಿಡ್, ಅಂದ್ರೆ ಕರೆಂಟ್ ಹಂಚೋ ಜಾಲ, ಕೈಕೊಡ್ತಲ್ಲ, ಲಕ್ಷಾಂತರ ಮನೆ ಇನ್ನೂ ಕತ್ತಲಲ್ಲೇ ಇದ್ವು, ಅಷ್ಟರಲ್ಲೇ ಅಲ್ಲಿನ ಗವರ್ನರ್ ಟಿವಿಗೆ ಬಂದು ಗಾಳಿ ಸೋಲಾರ್ ಮೇಲೆ ಹಾಕಿದ್ರು. ಆಮೇಲೆ ಲೆಕ್ಕ ತೆಗೆದ್ರೆ ಎಲ್ಲಕ್ಕಿಂತ ಜಾಸ್ತಿ ಕೈಕೊಟ್ಟಿದ್ದು ನೈಸರ್ಗಿಕ ಗ್ಯಾಸ್, ಬಾವಿಯಿಂದ ಹಿಡಿದು ಪ್ಲಾಂಟ್ ತನಕ ಮರಗಟ್ಟಿ ಕೂತಿತ್ತು. 2025ರ ಏಪ್ರಿಲ್ 28ಕ್ಕೆ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದಾಗ ಇದೇ ಕಥೆ. ಐದೇ ಸೆಕೆಂಡಲ್ಲಿ 15 ಗಿಗಾವ್ಯಾಟ್ ಮಾಯ. ಕಾರಣ ಯಾರಿಗೂ ಗೊತ್ತಿಲ್ಲ, ಆದ್ರೆ ಸೋಲಾರ್ ಬೈಯೋರೂ ರೆಡಿ, ಅಣುಸ್ಥಾವರ ಬೈಯೋರೂ ರೆಡಿ. ತನಿಖೆಯಲ್ಲಿ ಸಿಕ್ಕಿದ್ದೇನಂದ್ರೆ ವೋಲ್ಟೇಜ್ ಮಿತಿ ಮೀರಿ ಏರಿದೆ, ಅದಕ್ಕೆ ಒಂದರ ಹಿಂದೆ ಒಂದು ಪ್ಲಾಂಟ್ ಟ್ರಿಪ್ ಆಗಿ ತಾನಾಗೇ ಆಫ್ ಆಗಿದೆ. ವೋಲ್ಟೇಜ್ ಹಿಡಿತದಲ್ಲಿಡೋ ವ್ಯವಸ್ಥೆ ಸಾಲಲಿಲ್ಲ ಅನ್ನೋದನ್ನ ಇಟ್ಕೊಂಡು ಭಾಷಣ ಮಾಡಕ್ಕಾಗುತ್ತಾ? ಆಗಲ್ಲ, ಹಂಗಾಗಿ ರಿಪೋರ್ಟ್ ಬಂದಾಗ ಓದೋರೇ ಇರ್ಲಿಲ್ಲ.

ಸರಿ, ನನ್ನ ಫ್ರೆಂಡ್ ವಿಷಯಕ್ಕೆ ಬರ್ತೀನಿ. ಅವನ ತುರುಪು ಎಲೆ ಯಾವಾಗ್ಲೂ ಜರ್ಮನಿ. 2010ರಲ್ಲಿ ರಿಯಾಕ್ಟರುಗಳ ಆಯಸ್ಸು ಜಾಸ್ತಿ ಮಾಡಿದ್ದ ಮರ್ಕೆಲ್ ಸರ್ಕಾರ, 2011ರ ಮಾರ್ಚಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ಆಗಿದ್ದೇ ತಡ ಪೂರ್ತಿ ಉಲ್ಟಾ ಹೊಡೀತು, ಎಲ್ಲಾ ಮುಚ್ಚೋಣ ಅಂತು. 2021ಕ್ಕೆ ಆಮದಾಗೋ ಗ್ಯಾಸಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ, ಸೆಪ್ಟೆಂಬರಲ್ಲಿ ಬಾಲ್ಟಿಕ್ ಸಮುದ್ರದ ತಳದಲ್ಲಿ ರಷ್ಯಾದಿಂದ ಗ್ಯಾಸ್ ತರೋ ನಾರ್ಡ್ ಸ್ಟ್ರೀಮ್ ಪೈಪು ಒಡೆದು, ಇಷ್ಟೆಲ್ಲಾ ಆದ್ಮೇಲೂ 2023ರ ಏಪ್ರಿಲ್ 15ಕ್ಕೆ ಕೊನೇ ಮೂರು ರಿಯಾಕ್ಟರ್ ಮುಚ್ಚಿದ್ರು. ಗ್ಯಾಸ್ ಅಲ್ಲಿ ಮುಖ್ಯವಾಗಿ ಮನೆ ಬೆಚ್ಚಗಿಡಕ್ಕೆ, ಫ್ಯಾಕ್ಟರಿಗೆ ಹೋಗುತ್ತೆ, ರಿಯಾಕ್ಟರ್ ಇದ್ರೂ ಪೂರ್ತಿ ಉಳೀತಿರ್ಲಿಲ್ಲ ಅಂತ ನಾನು ವಾದ ಮಾಡ್ದೆ, ಆದ್ರೆ ಒಳಗೊಳಗೇ ಈ ರೌಂಡ್ ಅವನದು ಅಂತ ಗೊತ್ತಿತ್ತು. ನಡೀತಿರೋ ರಿಯಾಕ್ಟರನ್ನ ಅಂಥ ಹೊತ್ತಲ್ಲಿ ಮುಚ್ಚಿದ್ದು ದಡ್ಡತನನೇ.

ಆದ್ರೆ ಅವನು ಮಾತು ಮುಗಿಸೋದು ಫ್ರಾನ್ಸಿಂದ. 1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹಾಕಿದ್ಮೇಲೆ 1974ರಲ್ಲಿ ಅವ್ರು ದೊಡ್ಡದಾಗಿ ಅಣುಸ್ಥಾವರ ಕಟ್ಟಕ್ಕೆ ಹೊರಟ್ರು, ಸ್ವಾವಲಂಬನೆ ಅಂದ್ರೆ ಅದು ಅಂತಾನೆ. ಅಪ್ಪಾ, ಫ್ರಾನ್ಸಿನ ಕೊನೇ ಯುರೇನಿಯಂ ಗಣಿ 2001ರಲ್ಲೇ ಮುಚ್ಚಿದೆ, ಈಗ ಎಲ್ಲಾ ಹೊರಗಿಂದಾನೇ ಬರೋದು! ಜಗತ್ತಿನ ಯುರೇನಿಯಂ ಗಣಿಗಾರಿಕೆಯಲ್ಲಿ ಸುಮಾರು 40% ಒಂದೇ ಕಜಕಸ್ತಾನದ್ದು, ಅದನ್ನ ಸಂವರ್ಧನೆ ಮಾಡೋದ್ರಲ್ಲಿ, ಅಂದ್ರೆ ರಿಯಾಕ್ಟರಿಗೆ ಇಂಧನ ಆಗೋ ಹಂಗೆ ಹದ ಮಾಡೋದ್ರಲ್ಲಿ, ರಷ್ಯಾದ ಕೈ ಎಷ್ಟು ದೊಡ್ಡದು ಅಂದ್ರೆ ಯುದ್ಧ ಶುರುವಾದ್ಮೇಲೆ ಅಲ್ಲಿನ ಕಲ್ಲಿದ್ದಲು ಬೇಡ ಅಂದ ಯುರೋಪ್ ಒಕ್ಕೂಟ ಅಣು ಇಂಧನ ಬೇಡ ಅನ್ನಕ್ಕೆ ಹಿಂದೆಮುಂದೆ ನೋಡ್ತು. ಅವನು ಸುಮ್ನಿರ್ತಾನಾ, ನಿನ್ನ ಪ್ಯಾನಲ್ ಎಲ್ಲಿಂದ ಬರುತ್ತಪ್ಪಾ ಅಂದ. ಸೋಲಾರ್ ಪ್ಯಾನಲ್ ತಯಾರಿಕೆಯ ಪ್ರತೀ ಹಂತದಲ್ಲೂ 80%ಗಿಂತ ಜಾಸ್ತಿ ಚೀನಾದ್ದು. ಇಬ್ರೂ ಸುಸ್ತು.

ಅವತ್ತು ನಿದ್ದೆ ಬರದೆ ಮಲ್ಕೊಂಡಿದ್ದಾಗ ಹೊಳೆದಿದ್ದು, ನಾವಿಬ್ರೂ ಯಾರ ಮೇಲೆ ಅವಲಂಬನೆ ಅಂತಷ್ಟೇ ಕಿತ್ತಾಡ್ತಿದೀವಿ, ಎಷ್ಟು ದಿನಕ್ಕೊಂದ್ಸಲ ಅಂತ ಯಾರೂ ಕೇಳ್ಲೇ ಇಲ್ಲ. ಎಣ್ಣೆ ದಿನಾ ಬರ್ಬೇಕು. ಕೊಲ್ಲಿ ದೇಶಗಳ ಎಣ್ಣೆ ಹಡಗುಗಳ ದಾರಿಯಾದ ಹಾರ್ಮುಜ್ ಜಲಸಂಧಿ ತೀರಾ ಕಿರಿದಾದ ಕಡೆ 33 ಕಿಲೋಮೀಟರ್ ಅಷ್ಟೇ, 2024ರಲ್ಲಿ ಅಲ್ಲಿಂದ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ದಾಟ್ತಿತ್ತು, ಅಂದ್ರೆ ಜಗತ್ತು ಬಳಸೋದ್ರಲ್ಲಿ ಐದನೇ ಒಂದು ಭಾಗ. ಅಲ್ಲಿ ಯಾರೋ ಗುರಾಯಿಸಿದ್ರೂ ರೇಟ್ ಏರುತ್ತೆ. 1974ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಸದಸ್ಯ ದೇಶಗಳಿಗೆ ಹೇಳೋದೂ 90 ದಿನದ ಆಮದಿಗೆ ಸಮನಾದ ದಾಸ್ತಾನು ಇಟ್ಕೊಳ್ಳಿ ಅಂತ. ರಿಯಾಕ್ಟರಿಗೆ ಒಂದ್ಸಲ ಇಂಧನ ತುಂಬಿದ್ರೆ ಒಂದೂವರೆ ವರ್ಷ ತಲೆಬಿಸಿ ಇಲ್ಲ. ಪ್ಯಾನಲ್ ಹಾಕಿದ್ರೆ 25 ವರ್ಷ. ಚೀನಾ ನಾಳೆ ಮಾರಲ್ಲ ಅಂದ್ರೆ ಹೊಸದು ಬರಲ್ಲ ನಿಜ, ಹಾಕಿರೋದು ನಿಲ್ಲಲ್ಲವಲ್ಲ! 2025ರ ಏಪ್ರಿಲಲ್ಲಿ ಅವ್ರು ಅಪರೂಪದ ಲೋಹಗಳ ರಫ್ತಿಗೆ ಲಗಾಮು ಹಾಕಿದಾಗ ಕೆಲವು ಕಾರ್ ಫ್ಯಾಕ್ಟರಿ ನಿಂತ್ವು, ಆದ್ರೆ ರೋಡಲ್ಲಿ ಓಡ್ತಿದ್ದ ಕಾರ್ ನಿಂತಿಲ್ಲ. ಈ ಲೆಕ್ಕದಲ್ಲಿ ಅವನ ರಿಯಾಕ್ಟರಿಗೂ ಒಳ್ಳೇ ಮಾರ್ಕ್ಸೇ ಬರುತ್ತೆ, ಅದು ಬೇರೆ ವಿಷಯ, ಅವನಿಗೆ ಹೇಳ್ಲಿಲ್ಲ.

ಬೆಳಿಗ್ಗೆ ಎದ್ದು ಇದನ್ನೆಲ್ಲಾ ಟೈಪ್ ಮಾಡಿ ಕಳಿಸಿ, ಗೆದ್ದೆ ಅಂತ ಆರಾಮಾಗಿದ್ದೆ. ಮಧ್ಯಾಹ್ನ ಅವನ ರಿಪ್ಲೈ ಬಂತು, ಪ್ಯಾನಲ್ ಬಿಡು, ಅದರ ಕರೆಂಟನ್ನ ಗ್ರಿಡ್ಡಿಗೆ ಹೊಂದೋ ಹಂಗೆ ಬದಲಾಯಿಸೋ ಇನ್ವರ್ಟರ್? ಅದು ಇಂಟರ್‌ನೆಟ್‌ಗೆ ಕನೆಕ್ಟ್ ಆಗಿರುತ್ತೆ, ಕಂಪನಿ ಕೂತಲ್ಲಿಂದಲೇ ಅಪ್‌ಡೇಟ್ ಕಳಿಸುತ್ತೆ, ಅಪ್‌ಡೇಟ್ ಕಳಿಸೋರಿಗೆ ಆಫ್ ಮಾಡಕ್ಕೆ ಬರಲ್ವಾ? ಲಿಥುವೇನಿಯಾದವ್ರು 2024ರಲ್ಲಿ 100 ಕಿಲೋವ್ಯಾಟ್ ಮೇಲಿನ ಸೋಲಾರ್, ಗಾಳಿ ಪ್ಲಾಂಟುಗಳಿಗೆ ಚೀನಾದಿಂದ ರಿಮೋಟಲ್ಲಿ ಕೈ ಹಾಕಂಗಿಲ್ಲ ಅಂತ ಕಾನೂನು ಮಾಡಿದ್ದು ಸುಮ್ಸುಮ್ನೇನಾ?

ಮೂರು ದಿನ ಆಯ್ತು, ಮೆಸೇಜ್ ಓದಿದೀನಿ ಅಂತ ಅವನಿಗೆ ಕಾಣಿಸ್ತಾ ಇದೆ, ನಾನಿನ್ನೂ ರಿಪ್ಲೈ ಮಾಡಿಲ್ಲ.