ಕಾಳು ನೆನೆಸಿಟ್ಟು ಸಿನಿಮಾಗೆ ಹೋಗೋದು

ಈ ಸಲ ಎರಡು ವಿಷ್ಯ ಒಟ್ಟಿಗೆ ಬರೀತಿದೀನಿ, ಇತ್ತೀಚೆಗೆ ನೋಡಿದ ಸಿನಿಮಾಗಳು ಮತ್ತೆ ಅಡುಗೆ ಖರ್ಚು. ನಮ್ಮನೇಲಿ ಇವೆರಡೂ ಒಂದೇ ಡಬ್ಬಿಗೆ ಸೇರಿದ್ದು, ನಿಜವಾಗ್ಲೂ ಒಂದು ಡಬ್ಬಿ ಇದೆ, ನಾನು ತಂಗಿ ಸೇರಿ ಇಟ್ಟಿರೋದು. ಹೊರಗಡೆಯಿಂದ ಊಟ ತರಿಸೋಣ ಅಂತ ಮನಸ್ಸಾಗಿ, ಆಮೇಲೆ ತರಿಸ್ದೆ ಮನೇಲೇ ಏನೋ ಮಾಡ್ಕೊಂಡ್ವಿ ಅಂದ್ರೆ ಆ ಊಟಕ್ಕೆ ಆಗ್ತಿದ್ದಷ್ಟು ದುಡ್ಡು ಆ ಡಬ್ಬಿಗೆ ಹೋಗುತ್ತೆ, ಥಿಯೇಟರ್ ಟಿಕೆಟ್ ತಗೊಳ್ಳೋದು ಅದ್ರಿಂದ ಮಾತ್ರ. ಡಬ್ಬಿ ಖಾಲಿ ಇದ್ರೆ ಎಷ್ಟೇ ದೊಡ್ಡ ಸಿನಿಮಾ ಬಂದ್ರೂ ಮನೇಲಿ ನೋಡೋವರೆಗೂ ಕಾಯೋದು. ಹೀಗಾಗಿ ಪ್ರತಿ ಸಿನಿಮಾಗೂ ಒಂದು ಪ್ರಶ್ನೆ ಹುಟ್ಕೊಳ್ಳುತ್ತೆ, ಇದನ್ನ ದೊಡ್ಡ ಪರದೆ ಮೇಲೇ ನೋಡ್ಬೇಕಾ, ಇಲ್ಲಾ ಮನೇಲಿ ನೋಡಿದ್ರೂ ಅಷ್ಟೇ ಸಿಗುತ್ತಾ ಅಂತ.

ಥಿಯೇಟರಲ್ಲೇ ನೋಡ್ಬೇಕು ಅಂತ ನಾನು ಎದೆ ತಟ್ಟಿ ಹೇಳೋದು 'ಓಪನ್‌ಹೈಮರ್' ಮತ್ತೆ 'ಡ್ಯೂನ್: ಪಾರ್ಟ್ ಟೂ'. 'ಓಪನ್‌ಹೈಮರ್' 2023ರದ್ದು, ಅಣುಬಾಂಬ್ ಮಾಡಿದ ವಿಜ್ಞಾನಿ ಕಥೆ, ಮೂರು ಗಂಟೆ, ಬಹುಪಾಲು ಜನ ಕೋಣೇಲಿ ಕೂತು ಮಾತಾಡೋದೇ, ಆದ್ರೂ ಅದು ದೊಡ್ಡ ಪರದೆಗೆ ಸೇರಿದ ಸಿನಿಮಾ. ಆ ಟ್ರಿನಿಟಿ ಪರೀಕ್ಷೆ, ಅಂದ್ರೆ ಮೊದಲ ಅಣುಬಾಂಬ್ ಸಿಡಿಸಿ ನೋಡೋ ದೃಶ್ಯ ನೆನಪಿದ್ಯಾ, 1945ರ ಜುಲೈ 16ರದ್ದು, ಮೊದಲು ಬೆಳಕು ಬರುತ್ತೆ, ಸದ್ದೇ ಇಲ್ಲ, ಉಸಿರಾಟ ಮಾತ್ರ, ನಾವೂ ಉಸಿರು ಬಿಗಿ ಹಿಡ್ಕೊಂಡು ಕೂತಿರ್ತೀವಿ, ಎಷ್ಟೋ ಹೊತ್ತಾದ್ಮೇಲೆ ಸದ್ದು ಬಂದು ಎದೆಗೆ ಗುದ್ದುತ್ತೆ. ಬೆಳಕು ಮುಂಚೆ, ಸದ್ದು ಆಮೇಲೆ, ದೂರದಲ್ಲಿ ನಿಂತವರಿಗೆ ನಿಜವಾಗ್ಲೂ ಹಾಗೇ ಕೇಳ್ಸೋದು. ಇದನ್ನ ಮನೇಲಿ ನೋಡಿದ್ರೆ ಆ ಮೌನದಲ್ಲಿ ಫ್ಯಾನ್ ಸದ್ದು ಕೇಳುತ್ತೆ, ಅಷ್ಟೇ, ಮುಗೀತು. ಕೊನೇ ಒಂದು ಗಂಟೆ ವಿಚಾರಣೆ ಭಾಗ ಎಳೆದ ಹಾಗಿದೆ ಅಂತ ತಂಗಿ ಹೇಳ್ತಾಳೆ, ನಾನು ಒಪ್ಪಲ್ಲ, ಬಾಂಬ್ ಆದ್ಮೇಲೆ ಮನುಷ್ಯನಿಗೆ ಏನಾಯ್ತು ಅನ್ನೋದೇ ಆ ಸಿನಿಮಾದ ಜೀವ, ಬಾಂಬಲ್ಲೇ ಮುಗಿಸಿದ್ರೆ ಅದು ಬರೀ ಸಿಡಿಮದ್ದಿನ ಸಿನಿಮಾ ಆಗ್ತಿತ್ತು.

'ಡ್ಯೂನ್' ಎರಡನೇ ಭಾಗದ್ದು ಬೇರೆ ಥರದ ಸುಖ. ನಾಯಕ ಪಾಲ್ ಮೊದಲ ಸಲ ಮರಳಹುಳದ ಮೇಲೆ, ಅಂದ್ರೆ ಮರುಭೂಮೀಲಿರೋ ದೈತ್ಯ ಹುಳದ ಮೇಲೆ, ಹತ್ತೋ ದೃಶ್ಯದಲ್ಲಿ ಸೀಟೇ ನಡುಗ್ತಿತ್ತು, ಮರಳು ಹಾರಿ ಏನೂ ಕಾಣ್ದೆ ಇರೋವಾಗ್ಲೂ ಸದ್ದಲ್ಲೇ ಎಲ್ಲ ಗೊತ್ತಾಗ್ತಿತ್ತು. ಸೌಂಡಿಗೂ ವಿಶುವಲ್ ಎಫೆಕ್ಟ್ಸಿಗೂ ಆಸ್ಕರ್ ಬಂದಿದ್ದು ನ್ಯಾಯ. ಕಥೆ ಮಾತ್ರ ಮೊದಲನೇ ಭಾಗ ನೋಡ್ದೇ ಇದ್ರೆ ಅರ್ಥ ಆಗಲ್ಲ, ಅದನ್ನ ಮನೇಲಿ ನೋಡ್ಕೊಂಡು ಹೋಗಿ.

'ಬಾರ್ಬಿ' ಬಗ್ಗೆ ಜಾಸ್ತಿ ಹೇಳೋದಿಲ್ಲ, ಮೊದಲರ್ಧ ಚೆನ್ನಾಗಿ ನಕ್ಕೆ, ಆ ಗುಲಾಬಿ ಬಣ್ಣದ ಸೆಟ್ ಹಾಕಿದವರ ಕೈಗೆ ಮುತ್ತಿಡ್ಬೇಕು, ಎರಡನೇ ಅರ್ಧದಲ್ಲಿ ಹೇಳ್ಬೇಕಾದ್ದನ್ನೆಲ್ಲ ಪಾತ್ರಗಳ ಬಾಯಲ್ಲೇ ಹೇಳಿಸ್ಬಿಟ್ರು ಅನ್ನಿಸ್ತು.

ಈಗ ನಂಗೆ ನಿಜವಾಗ್ಲೂ ಹೇಳ್ಬೇಕಾಗಿರೋ ಸಿನಿಮಾ, 'ಗಾಡ್ಜಿಲ್ಲಾ ಮೈನಸ್ ಒನ್'. ಎರಡನೇ ಮಹಾಯುದ್ಧ ಮುಗಿದು ಎಲ್ಲಾ ಕಳ್ಕೊಂಡಿರೋ ಜಪಾನು, ಯುದ್ಧದಲ್ಲಿ ಸಾಯೋಕೆ ಹೋಗಿ ಸಾಯದೆ ವಾಪಸ್ ಬಂದ ಒಬ್ಬ ಪೈಲಟ್, ಯಾರದೋ ಮಗು, ಮುರುಕಲು ಮನೆ, ಅಲ್ಲಿಗೆ ಆ ಪ್ರಾಣಿ ಬರುತ್ತೆ. ನಾನು ರಾಕ್ಷಸ ಪ್ರಾಣಿ ಸಿನಿಮಾಗೆ ಅಳ್ತೀನಿ ಅಂತ ಯಾರಾದ್ರೂ ಮುಂಚೆ ಹೇಳಿದ್ರೆ ನಂಬ್ತಿರ್ಲಿಲ್ಲ. ಸಮುದ್ರದಲ್ಲಿ ಒಂದು ಸಣ್ಣ ಮರದ ದೋಣಿ ಹಿಂದೆ ಗಾಡ್ಜಿಲ್ಲಾ ತಲೆ ಮಾತ್ರ ಮೇಲೆತ್ತಿ ಈಜ್ಕೊಂಡು ಬರೋ ದೃಶ್ಯ ಇದೆಯಲ್ಲ, ಆ ನೀರು ಎಷ್ಟು ನಿಜ ಅಂದ್ರೆ ಕಾಲು ಎತ್ತಿಟ್ಕೊಂಡು ಕೂತಿದ್ದೆ. ಆಮೇಲೆ ಓದಿದ್ದು, ಇಡೀ ಸಿನಿಮಾದ 610 ಎಫೆಕ್ಟ್ ಶಾಟ್‌ಗಳನ್ನ ಮಾಡಿದ್ದು 35 ಜನ ಕಲಾವಿದರ ಒಂದು ಟೀಮು. ಹಾಲಿವುಡ್ ಸಿನಿಮಾದ ಕೊನೇಲಿ ಎಫೆಕ್ಟ್ಸ್ ಹೆಸರುಗಳು ನಿಮಿಷಗಟ್ಲೆ ಓಡ್ತಾವೆ, ಇಲ್ಲಿ 35 ಜನ, ಅವ್ರಿಗೇ 2024ರಲ್ಲಿ ಆಸ್ಕರ್ ಬಂತು. ಹೆಂಗೆ ಸಾಧ್ಯ ಆಯ್ತು ಅಂದ್ರೆ ಡೈರೆಕ್ಟರ್ ಟಕಾಶಿ ಯಮಾಝಾಕಿನೇ ಎಫೆಕ್ಟ್ಸ್ ಮೇಲ್ವಿಚಾರಕರೂ ಕೂಡ. ಶಾಟ್ ಯಾವುದು ಬೇಕು ಅಂತ ತೀರ್ಮಾನ ಮಾಡೋರೂ ಅದನ್ನ ಮಾಡ್ಸೋರೂ ಒಬ್ರೇ, ಹಾಗಾಗಿ ಬೇಡದ ಕೆಲ್ಸ ಮಾಡಿ ಆಮೇಲೆ ಕಿತ್ತಾಕೋದು ಕಮ್ಮಿ.

ಇದನ್ನ ಓದಿದಾಗ ನಂಗೆ ನಮ್ಮ ಅಡುಗೆಮನೇನೇ ಕಣ್ಮುಂದೆ ಬಂತು. ಮುಂಚೆ ನಮ್ಮಲ್ಲಿ ಸಾಮಾನು ತರೋದು ತಂಗಿ, ಅಡುಗೆ ಮಾಡೋದು ನಾನು. ಅವಳು ಆಫೀಸಿಂದ ಬರ್ತಾ ದಾರೀಲಿ ಫೋನ್ ಮಾಡೋಳು, "ಅಕ್ಕ, ಫ್ರಿಜ್ಜಲ್ಲಿ ಟೊಮೆಟೊ ಇದ್ಯಾ?" ನಾನು ಏನೋ ಕೆಲ್ಸದಲ್ಲಿ ಇರ್ತಿದ್ದೆ, "ಇಲ್ಲ ಅನ್ಸುತ್ತೆ, ತಗೊಂಡ್ಬಾ" ಅಂತಿದ್ದೆ, ಅವಳು ತರೋಳು, ಬಂದು ನೋಡಿದ್ರೆ ಕೆಳಗಿನ ಟ್ರೇಲಿ ಹಳೇದು ಇರ್ತಿತ್ತು, ಹೊಸದನ್ನ ಮೊದಲು ಬಳಸಿ ಹಳೇದನ್ನ ವಾರ ಬಿಟ್ಟು ಬಿಸಾಕ್ತಿದ್ವಿ. ಸೊಪ್ಪಿಗೂ ಹಂಗೇ, ಮೊಸರಿಗೂ ಹಂಗೇ. ತಿಂಗಳಿಗೆ ಖರ್ಚು ಯಾಕಿಷ್ಟಾಗ್ತಿದೆ ಅಂತ ಇಬ್ರೂ ಬಿಲ್ ಹಿಡ್ಕೊಂಡು ಕೂತಾಗ ಬೆಲೆ ಜಾಸ್ತಿ ಅಂತಲೇ ಅಂದ್ಕೊಂಡಿದ್ವಿ, ಬಿಲ್ಲಲ್ಲಿ ಕಸದ ಬುಟ್ಟಿಗೆ ಹೋಗಿದ್ದು ಬರೆದಿರಲ್ವಲ್ಲ. ವಿಶ್ವಸಂಸ್ಥೆ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಲ್ಲಿ ಸುಮಾರು 105 ಕೋಟಿ ಟನ್ ಆಹಾರ ವೇಸ್ಟ್ ಆಗಿದೆ, ಅದ್ರಲ್ಲಿ 63 ಕೋಟಿ ಟನ್ ಮನೆಗಳಿಂದಾನೇ. ಹೋಟೆಲ್ ಅಲ್ಲ, ಅಂಗಡಿ ಅಲ್ಲ, ನಮ್ಮ ನಿಮ್ಮ ಮನೆ.

ಈಗ ತರೋರೂ ಮಾಡೋರೂ ಒಬ್ರೇ. ಒಂದು ವಾರ ಪೂರ್ತಿ ನಾನು, ಮುಂದಿನ ವಾರ ಪೂರ್ತಿ ಅವಳು. ಸಾಮಾನು ತರೋಕೆ ಹೋಗೋ ಮುಂಚೆ ಫ್ರಿಜ್ ಬಾಗಿಲು ತೆಗೆದು ಒಂದು ಫೋಟೋ ತೆಗ್ದುಕೊಳ್ಳೋದು, ಬೇಗ ಹಾಳಾಗೋದೆಲ್ಲ ಕಣ್ಣಿಗೆ ಕಾಣೋ ಮಧ್ಯದ ಶೆಲ್ಫಿಗೆ ತರೋದು, ಏನ್ ಇದೆಯೋ ಅದ್ರಿಂದ ಏನ್ ಮಾಡ್ಬಹುದು ಅಂತ ಯೋಚನೆ ಮಾಡಿ ಆಮೇಲೆ ಇಲ್ಲದ್ದನ್ನ ಬರ್ಕೊಳ್ಳೋದು. ಮುಂಚೆ ಉಲ್ಟಾ ಮಾಡ್ತಿದ್ವಿ, ತಿನ್ನೋಕೆ ಏನ್ ಆಸೆ ಅಂತ ಶುರು ಮಾಡಿ ಅದಕ್ಕೆ ಬೇಕಾದ್ದನ್ನೆಲ್ಲ ತರ್ತಿದ್ವಿ. ಇದೊಂದು ಬದಲಾವಣೆ ಉಳಿಸಿದಷ್ಟು ದುಡ್ಡು ಬೇರೆ ಯಾವ ಆಫರೂ ಉಳಿಸಿಲ್ಲ ನೋಡಿ.

ಎರಡನೇದು ಒಣ ಕಾಳು. ಬೇಯಿಸಿ ಡಬ್ಬೀಲಿ ತುಂಬಿ ಮಾರೋದನ್ನ ತಗೊಳ್ಳೋದು ನಿಲ್ಸಿದೀವಿ. ಒಂದು ಕಪ್ ಒಣ ಕಾಳು ನೆಂದು ಬೆಂದ ಮೇಲೆ ಸುಮಾರು ಮೂರು ಕಪ್ ಆಗುತ್ತೆ, ನಾನು ಒಂದೇ ಸಲ ಜಾಸ್ತಿ ಬೇಯಿಸಿ ಒಂದೊಂದು ಊಟಕ್ಕಾಗೋಷ್ಟು ಬೇರೆ ಬೇರೆ ಮಾಡಿ ಫ್ರೀಜರಿಗೆ ಹಾಕ್ಬಿಡ್ತೀನಿ. ಸಿನಿಮಾಗೆ ಹೋಗೋ ಸಾಯಂಕಾಲ ನೆನೆಸಿಟ್ಟು ಹೋಗೋದು, ರಾತ್ರಿಯೆಲ್ಲ ನೆನೆಯುತ್ತೆ, ಬೆಳಗ್ಗೆ ಕುಕ್ಕರಿಗೆ. ಕುಕ್ಕರಲ್ಲಿ ಒತ್ತಡ ಜಾಸ್ತಿ ಇರೋದ್ರಿಂದ ನೀರು 100 ಡಿಗ್ರಿ ದಾಟಿ ಸುಮಾರು 120 ಡಿಗ್ರಿವರೆಗೂ ಹೋಗುತ್ತೆ, ಅದಕ್ಕೇ ಅಷ್ಟು ಬೇಗ ಬೇಯೋದು, ಗ್ಯಾಸೂ ಉಳಿಯುತ್ತೆ. ಒಂದು ಮಾತು, ರಾಜ್ಮಾ ಥರದ ಕಾಳನ್ನ ಅರೆಬೆಂದಿದ್ದು ತಿನ್ಬೇಡಿ, ಸ್ಲೋ ಕುಕ್ಕರಲ್ಲಿ ಹಂಗೇ ಹಸಿ ಕಾಳು ಹಾಕ್ಬೇಡಿ, ಅದ್ರಲ್ಲಿರೋ ಲೆಕ್ಟಿನ್ ಅನ್ನೋ ಅಂಶ ಹೊಟ್ಟೆ ಕೆಡಿಸುತ್ತೆ, ನೆನೆಸಿದ ನೀರು ಚೆಲ್ಲಿ ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಿ ಆಮೇಲೆ ಮುಂದಿನದ್ದು. ಉಳಿದ ಅನ್ನಕ್ಕೂ ಹಂಗೇ ಒಂದು ಎಚ್ಚರ, ರಾತ್ರಿಯೆಲ್ಲ ಹೊರಗಡೆ ಬಿಟ್ಟು ಮಾರನೇ ದಿನ ಬಿಸಿ ಮಾಡಿದ್ರೆ ಸರಿಹೋಗುತ್ತೆ ಅನ್ಕೋಬೇಡಿ, ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಬಿಸಿ ಮಾಡಿದ್ರೂ ಹೋಗಲ್ಲ. ಅಗಲ ಪಾತ್ರೆಗೆ ಹರಡಿ, ಬೇಗ ತಣ್ಣಗೆ ಮಾಡಿ, ಎರಡು ಗಂಟೆ ಒಳಗೆ ಫ್ರಿಜ್ಜಿಗೆ. ಉಳಿತಾಯ ಮಾಡೋಕೆ ಹೋಗಿ ಔಷಧಿಗೆ ದುಡ್ಡು ಸುರಿಯೋ ಹಾಗಾಗ್ಬಾರ್ದು.

ಪಾಸ್ತಾ ಬೇಯಿಸೋರಿಗೆ ಇನ್ನೊಂದು, ನೀರು ಕುದ್ದು ಪಾಸ್ತಾ ಹಾಕಿ ಸ್ವಲ್ಪ ಹೊತ್ತಾದ್ಮೇಲೆ ಸ್ಟವ್ ಆರಿಸಿ ಮುಚ್ಚಳ ಮುಚ್ಚಿಟ್ರೆ ಅದೇ ಬಿಸೀಲಿ ಬೇಯುತ್ತೆ. 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಗೆದ್ದ ಇಟಲಿಯ ಜೋರ್ಜಿಯೋ ಪಾರಿಸಿ ಮುಂದಿನ ವರ್ಷ ಇದನ್ನ ಬೆಂಬಲಿಸಿದಾಗ ಅಲ್ಲಿನ ಅಡುಗೆಯವರು ರುಚಿ ಕೆಡುತ್ತೆ ಅಂತ ಜಗಳಕ್ಕೇ ಬಂದ್ರು. ನಾನು ಮಾಡಿ ನೋಡ್ದೆ, ಒಂದೆರಡು ನಿಮಿಷ ಜಾಸ್ತಿ ಬೇಕು, ತಿನ್ನೋವಾಗ ನಂಗಂತೂ ವ್ಯತ್ಯಾಸ ಗೊತ್ತಾಗ್ಲಿಲ್ಲ.

ಮನೇಲಿ ನೋಡಿದ್ರೂ ಏನೂ ಕಮ್ಮಿ ಆಗದ ಸಿನಿಮಾ ಅಂದ್ರೆ 'ಫ್ಲೋ'. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿರೋದು, ಒಂದು ಬೆಕ್ಕು, ಸುತ್ತ ನೀರು ಏರ್ತಾ ಇದೆ, ಒಂದು ದೋಣಿ, ಅದ್ರೊಳಗೆ ಒಂದಕ್ಕೊಂದು ಆಗದ ಪ್ರಾಣಿಗಳು. ಮನುಷ್ಯರು ಇಲ್ಲ, ಒಂದೇ ಒಂದು ಮಾತಿಲ್ಲ. ಯಾರಿಗೆ ಬೇಕಾದ್ರೂ ಫ್ರೀಯಾಗಿ ಸಿಗೋ ಬ್ಲೆಂಡರ್ ಅನ್ನೋ ಸಾಫ್ಟ್‌ವೇರಲ್ಲಿ ಮಾಡಿದ್ದು, 2025ರಲ್ಲಿ ದೊಡ್ಡ ದೊಡ್ಡ ಸ್ಟುಡಿಯೋಗಳನ್ನ ಹಿಂದೆ ಹಾಕಿ ಅನಿಮೇಷನ್ ಆಸ್ಕರ್ ಗೆದ್ದಿದ್ದು. ಆ ಬೆಕ್ಕು ಬೆಕ್ಕಿನ ಥರಾನೇ ಇದೆ, ಮನುಷ್ಯನ ಥರ ಹುಬ್ಬು ಹಾರ್ಸಲ್ಲ, ಹೆದರ್ಕೊಂಡಾಗ ಕಿವಿ ಹಿಂದಕ್ಕೆ ಹೋಗುತ್ತೆ ಅಷ್ಟೇ, ಅಷ್ಟ್ರಲ್ಲೇ ನಮಗೆ ಎಲ್ಲ ಗೊತ್ತಾಗುತ್ತೆ. ಲೈಟ್ ಆರಿಸಿ, ಫೋನ್ ಬೇರೆ ರೂಮಲ್ಲಿಟ್ಟು ನೋಡಿ, ಅದೊಂದೇ ಶರತ್ತು.

'ಇನ್‌ಸೈಡ್ ಔಟ್ 2' ಕೂಡ ಮನೇಲೇ ನೋಡಿದ್ದು. ರೈಲಿ ಅನ್ನೋ ಹುಡುಗಿಗೆ 13 ವರ್ಷ, ತಲೆಯೊಳಗೆ ಆತಂಕ ಬಂದು ಕೂತು ಎಲ್ಲಾ ಗುಂಡಿ ತಾನೇ ಒತ್ತೋಕೆ ಶುರು ಮಾಡುತ್ತೆ. ಐಸ್ ಹಾಕಿ ಆಟದ ಮಧ್ಯೆ ತಪ್ಪು ಮಾಡಿದವರನ್ನ ಕೂರಿಸೋ ಪೆನಾಲ್ಟಿ ಬಾಕ್ಸಲ್ಲಿ ಅವಳಿಗೆ ಉಸಿರು ಸಿಗದೆ ಇರೋ ದೃಶ್ಯ ಬಂದಾಗ ತಂಗಿ ನನ್ನ ಕೈ ಹಿಡ್ಕೊಂಡ್ಳು, ಅವಳಿಗೆ ಕಾಲೇಜಲ್ಲಿ ಹಂಗೇ ಆಗ್ತಿತ್ತು, ಆಗ ಅದಕ್ಕೊಂದು ಹೆಸರಿದೆ ಅಂತಾನೂ ನಮಗಿಬ್ರಿಗೂ ಗೊತ್ತಿರ್ಲಿಲ್ಲ. ಸಿನಿಮಾ ನಿಲ್ಸಿ ಅರ್ಧ ಗಂಟೆ ಮಾತಾಡಿದ್ವಿ. ಥಿಯೇಟರಲ್ಲಿ ಇದು ಆಗ್ತಿರ್ಲಿಲ್ಲ, ಮಧ್ಯ ನಿಲ್ಸೋಕೆ ಆಗಲ್ವಲ್ಲ.

ಮನೆ ಸಿನಿಮಾ ಅಂದ್ಮೇಲೆ ಪಾಪ್‌ಕಾರ್ನ್ ಹೇಳ್ದೆ ಹೆಂಗೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಎಷ್ಟೋ ಥಿಯೇಟರ್‌ಗಳು ಉಳ್ಕೊಂಡಿದ್ದೇ ಪಾಪ್‌ಕಾರ್ನ್ ಮಾರಿ, ಯಾಕಂದ್ರೆ ಕಾಳು ಅಷ್ಟು ಅಗ್ಗ. ಮನೇಲಿ ಮಾಡ್ಕೊಳ್ಳೋರಿಗೂ ಅದೇ ಲಾಭ. ದಪ್ಪ ತಳದ ಪಾತ್ರೆ, ಸ್ವಲ್ಪ ಎಣ್ಣೆ, ಮೂರು ಕಾಳು ಹಾಕಿ ಮುಚ್ಚಿ, ಮೂರೂ ಸಿಡಿದ ಮೇಲೆ ಉಳಿದದ್ದು ಹಾಕಿ. ಕಾಳಿನ ಒಳಗೆ ಶೇಕಡ 14ರಷ್ಟು ತೇವ ಇರುತ್ತೆ, ಅದು ಆವಿಯಾಗಿ ಒತ್ತಿ ಒತ್ತಿ ಸುಮಾರು 180 ಡಿಗ್ರಿಗೆ ಸಿಪ್ಪೆ ಒಡೆಯುತ್ತೆ. ಹಳೇ ಪ್ಯಾಕೆಟ್ ಬಾಯಿ ತೆರೆದಿಟ್ಟಿದ್ರೆ ಆ ತೇವ ಹಾರಿಹೋಗಿ ತಳದಲ್ಲಿ ಸಿಡಿಯದ ಕಾಳೇ ಜಾಸ್ತಿ ಉಳಿಯೋದು, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿಡಿ.

ಕೊನೇದಾಗಿ ಹೋದ ವಾರ ನೋಡಿದ್ದು, 'ದಿ ಟೇಸ್ಟ್ ಆಫ್ ಥಿಂಗ್ಸ್'. ಫ್ರೆಂಚ್ ಸಿನಿಮಾ, 2023ರದ್ದು, ತ್ರಾನ್ ಆನ್ ಹುಂಗ್‌ಗೆ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದ್ಕೊಟ್ಟಿದ್ದು. ಶುರುವಿನ ಅರ್ಧ ಗಂಟೆಗೂ ಮೇಲೆ ಬರೀ ಅಡುಗೆ, ಹಿನ್ನೆಲೆ ಸಂಗೀತ ಇಲ್ಲ, ಚಾಕು ಸದ್ದು, ಕುದಿಯೋ ಸದ್ದು, ಹೆಜ್ಜೆ ಸದ್ದು. ಅದ್ರಲ್ಲಿ ಒಬ್ಬ ರಾಜಕುಮಾರ ಗಂಟೆಗಟ್ಲೆ ನಡೆಯೋ ಭರ್ಜರಿ ಔತಣ ಹಾಕಿಸ್ತಾನೆ, ಆಮೇಲೆ ಅವನಿಗೆ ವಾಪಸ್ ಊಟ ಹಾಕೋ ಸರದಿ ಬಂದಾಗ ನಾಯಕ ಮಾಡೋಕೆ ಹೊರಡೋದು ಮಾಂಸ ತರಕಾರಿ ಒಂದೇ ಪಾತ್ರೇಲಿ ನಿಧಾನಕ್ಕೆ ಬೇಯೋ ಸಾದಾ ಊಟ, ಸಾಮಾನ್ಯ ಜನ ದಿನಾ ಮಾಡ್ಕೊಳ್ಳೋದು. ನಾವಿಬ್ರೂ ಮಾಂಸ ತಿನ್ನಲ್ಲ, ಆದ್ರೂ ಆ ದೃಶ್ಯ ನೋಡಿ ಬಾಯಲ್ಲಿ ನೀರು ಬಂತು.

ಮಾರನೇ ದಿನ ತಂಗಿ ಸರದಿ. ತರಕಾರಿ ಸಿಪ್ಪೆ, ಕಾಂಡ, ಈರುಳ್ಳಿ ತುದಿ ಎಲ್ಲ ಫ್ರೀಜರಲ್ಲಿ ಒಂದು ಚೀಲಕ್ಕೆ ಸೇರಿಸ್ತಾ ಇದ್ವಿ, ಅದನ್ನ ಸಣ್ಣ ಉರೀಲಿ ಮುಕ್ಕಾಲು ಗಂಟೆ ಕುದಿಸಿ ಸೋಸಿ, ಆ ನೀರಲ್ಲಿ ಹಿಂದಿನ ವಾರದ ಬೇಯಿಸಿಟ್ಟ ಕಾಳು, ಉಳಿದಿದ್ದ ಒಂದು ಕ್ಯಾರೆಟ್, ಅರ್ಧ ಎಲೆಕೋಸು ಹಾಕಿ ಸೂಪ್ ಮಾಡಿದ್ಳು. ಹೊಸದಾಗಿ ಏನೂ ತಂದಿರ್ಲಿಲ್ಲ. ಪಾತ್ರೆ ಮುಚ್ಚಳ ತೆಗೆದಾಗ "ಅಕ್ಕ, ಸುಮ್ನೆ ಕೇಳು" ಅಂದ್ಳು, ಇಬ್ರೂ ಒಲೆ ಮುಂದೆ ನಿಂತು ಅದು ಕುದಿಯೋ ಸದ್ದು ಕೇಳಿಸ್ಕೊಂಡ್ವಿ. ಆವತ್ತಿನ ಊಟದ ದುಡ್ಡು ಡಬ್ಬಿಗೆ ಹೋಯ್ತು, ಈಗ ಎರಡು ಟಿಕೆಟಿಗಾಗೋಷ್ಟಿದೆ, ಯಾವ ಸಿನಿಮಾಗೆ ಅನ್ನೋದ್ರಲ್ಲಿ ಮಾತ್ರ ಇನ್ನೂ ಒಮ್ಮತ ಆಗಿಲ್ಲ.