ಪಿಯಾನೊ ಕಲಿಯುವ ಮಗುವಿಗೆ ಯಾವ ರೆಕಾರ್ಡಿಂಗ್ ಕಳಿಸಲಿ?

ದಾವಣಗೆರೆಯಲ್ಲಿ ಮಕ್ಕಳಿಗೆ ಪಿಯಾನೊ ಹೇಳಿಕೊಡುವುದು ನನ್ನ ಕೆಲಸ. ಹಗಲು ಒಂದು ಶಾಲೆಯಲ್ಲಿ, ಸಂಜೆ ವಿದ್ಯಾನಗರದ ಮನೆಯಲ್ಲಿ. ಪಿಯಾನೊ ಅಂತ ಹೆಸರಿಗಷ್ಟೇ. ಮಕ್ಕಳ ಮನೆಯಲ್ಲಿರುವುದು ಬಹುಪಾಲು 61 ಕೀಗಳ ಕೀಬೋರ್ಡು, ಅದೂ ದಿವಾನದ ಮೇಲೋ ಟಿವಿ ಸ್ಟ್ಯಾಂಡಿನ ಮೇಲೋ. ಸ್ವರ ಓದಿಸುವುದು, ಬೆರಳು ತಿದ್ದುವುದು, ತಾಳ ಹಿಡಿಸುವುದು ಈ ಕೆಲಸದಲ್ಲಿ ಇದ್ದದ್ದೇ. ಯಾರೂ ಹೇಳಿಕೊಡದೆ ನಾನೇ ಕಲಿತುಕೊಂಡದ್ದು ಒಂದಿದೆ: ಮಗುವಿಗೆ ಕೊಟ್ಟ ಪೀಸನ್ನು, ಅಂದರೆ ನುಡಿಸಲು ಕೊಟ್ಟ ಕೃತಿಯನ್ನು, ಅದಕ್ಕೆ ಕೇಳಿಸಲು ತಕ್ಕ ರೆಕಾರ್ಡಿಂಗ್ ಹುಡುಕುವುದು.

ಕೇಳಿ ಕಲಿಯುವುದು ನಮ್ಮೂರಿಗೆ ಹೊಸದಲ್ಲ. ನಾಟಕ ಕಂಪನಿಗಳು ಬೆಳೆದ ಊರು ಇದು. ಹಾರ್ಮೋನಿಯಂ ಹಿಡಿದು ಕೂತರೆ ಪುಸ್ತಕ ಕೇಳದ ಹಿರಿಯರು ಇನ್ನೂ ಸಿಗುತ್ತಾರೆ. ದೇವರನಾಮವೋ ಸಿನಿಮಾ ಹಾಡೋ ಆದರೆ ಕೀಬೋರ್ಡಿನ ಮುಂದೆ ಕೂರುವ ಮೊದಲೇ ಮಗುವಿನ ಬಾಯಲ್ಲಿರುತ್ತದೆ. ಕೈ ತಪ್ಪಿದರೆ ಕಿವಿ ತಿದ್ದುತ್ತದೆ. ಆದರೆ ಬರ್ಗ್‌ಮ್ಯುಲರ್ ಎಂಬ ಜರ್ಮನ್ ಸಂಗೀತಗಾರ ಬರೆದ ಪೀಸನ್ನು ನಿಟ್ಟುವಳ್ಳಿಯ ಹುಡುಗಿ ಎಲ್ಲಿ ಕೇಳಿರುತ್ತಾಳೆ? ಮದುವೆಮನೆಯಲ್ಲಿ ಹಾಕುವುದಿಲ್ಲ, ಬಸ್ಸಿನಲ್ಲಿ ಹಾಕುವುದಿಲ್ಲ. ಹಾಳೆ ನೋಡಿ ಸ್ವರ ಒಂದೊಂದಾಗಿ ಒತ್ತುತ್ತಾಳೆ. ಎಲ್ಲ ಸರಿ ಇರುತ್ತದೆ, ಸಂಗೀತವೊಂದು ಇರುವುದಿಲ್ಲ. ಜಪಾನಿನ ಶಿನಿಚಿ ಸುಜುಕಿ ತಮ್ಮ ಪದ್ಧತಿಯಲ್ಲಿ, ಮಕ್ಕಳು ತಾವು ಕಲಿಯುವ ಪೀಸುಗಳ ರೆಕಾರ್ಡಿಂಗನ್ನು ದಿನವೂ ಮನೆಯಲ್ಲಿ ಕೇಳಬೇಕು ಅಂತ ಇಟ್ಟರು. ನಾನು ಸುಜುಕಿ ಪದ್ಧತಿಯ ಟೀಚರ್ ಅಲ್ಲ, ಆದರೆ ಆ ಮಾತನ್ನು ಒಪ್ಪುತ್ತೇನೆ. ನಮ್ಮ ಹಾರ್ಮೋನಿಯಂ ಮೇಷ್ಟ್ರುಗಳೂ ಒಪ್ಪುತ್ತಿದ್ದರು.

ತೊಡಕು ಶುರುವಾಗುವುದು ಹುಡುಕುವಾಗ. ಪೋಷಕರು ಹೆಸರಿನ ಜೊತೆ 'ಈಸಿ ಪಿಯಾನೊ' ಅಂತ ಸೇರಿಸಿ ಟೈಪ್ ಮಾಡುತ್ತಾರೆ. ಆಗ ಬರುವುದು ದೊಡ್ಡ ಕೃತಿಗಳ ಮೊದಲೆರಡು ಸಾಲು ಕಿತ್ತು, ಎಡಗೈಗೆ ಒಂದು ಬೆರಳಿನ ಕೆಲಸವಷ್ಟೇ ಬಿಟ್ಟು, ಯಾರೋ ಇಳಿಸಿ ಕಟ್ಟಿದ ಅರೇಂಜ್‌ಮೆಂಟುಗಳು. 'ಫ್ಯುರ್ ಎಲೀಸೆ' ಇದರಲ್ಲಿ ಮೊದಲನೆಯದು. ಬೀಥೋವನ್ 1810ರಲ್ಲಿ ಬರೆದದ್ದು, ಅಚ್ಚಾದದ್ದು ಅವನು ತೀರಿಕೊಂಡು 40 ವರ್ಷ ಆದಮೇಲೆ, 1867ರಲ್ಲಿ. ಎಲ್ಲರಿಗೂ ಗೊತ್ತಿರುವ ಆ ಮೊದಲ ಭಾಗ ಎರಡನೇ ವರ್ಷದ ಮಗುವಿಗೂ ಎಟುಕುತ್ತದೆ. ಮುಂದೆ ಎಫ್ ಮೇಜರ್‌ಗೆ ಹೋಗಿ ಸ್ವರಗಳು ಓಡತೊಡಗಿದಾಗ ಕೈ ನಿಂತುಬಿಡುತ್ತದೆ. 'ಮಿಸ್, ನಮ್ಮ ಹುಡುಗಿಗೆ ಅದು ಬರ್ತೈತ್ರಿ' ಅನ್ನುವ ಅಪ್ಪಂದಿರಿಗೆ ನಾನು ಕೇಳುವುದು, 'ಎಲ್ಲಿ ತನಕ ಬರ್ತೈತಿ?' ಅಂತ.

ಸುಲಭ ಮಾಡಿದ ಸಂಗೀತದ ಮೇಲೆ ನನಗೆ ದ್ವೇಷವಿಲ್ಲ. ಹುಟ್ಟುಹಬ್ಬಕ್ಕೆ ಸಾಕು. ಆದರೆ ಮೊದಲಿಂದಲೇ ಕಲಿಯುವವರಿಗೆಂದು ಬರೆದದ್ದು ರಾಶಿ ಇದೆ, ಅದೂ ದೊಡ್ಡ ದೊಡ್ಡವರು ಬರೆದದ್ದು. ಶೂಮನ್ 1848ರಲ್ಲಿ ಬರೆದ 'ಆಲ್ಬಮ್ ಫಾರ್ ದ ಯಂಗ್', ಓಪಸ್ 68 (ಓಪಸ್ ಅಂದರೆ ಬರೆದವರ ಕೃತಿಗೆ ಕೊಟ್ಟ ಸಂಖ್ಯೆ), ಒಟ್ಟು 43 ಪೀಸು. ಮೊದಲ 18 ಚಿಕ್ಕವರಿಗೆ, ಉಳಿದವು ಸ್ವಲ್ಪ ದೊಡ್ಡವರಿಗೆ ಅಂತ ಅವನೇ ಭಾಗ ಮಾಡಿಟ್ಟಿದ್ದಾನೆ. ಚೈಕೋವ್ಸ್ಕಿಯ ಮಕ್ಕಳ ಆಲ್ಬಮ್, ಓಪಸ್ 39, 1878ರದು, 24 ಪೀಸು. ಬರ್ಗ್‌ಮ್ಯುಲರ್‌ನ ಓಪಸ್ 100ರಲ್ಲಿ 25 ಎಟ್ಯೂಡ್, ಅಂದರೆ ಅಭ್ಯಾಸದ ಪೀಸು. ಕ್ಲೆಮೆಂಟಿಯ ಓಪಸ್ 36ರಲ್ಲಿ ಆರು ಸೊನಾಟಿನಾ, ಅಂದರೆ ಚಿಕ್ಕ ಸೊನಾಟಾಗಳು. ಬಾರ್ಟೋಕ್‌ನ 'ಮೈಕ್ರೊಕೊಸ್ಮೋಸ್' ಆರು ಸಂಪುಟ, 153 ಪೀಸು. ಮೊದಲೆರಡು ಸಂಪುಟ ಅವನ ಮಗ ಪೇಟರ್‌ನಿಗೆ ಅರ್ಪಣೆ. ಕೆಲವು ಅರ್ಧ ನಿಮಿಷಕ್ಕೆ ಮುಗಿದೇ ಹೋಗುತ್ತವೆ.

ಇವನ್ನು ಹುಡುಕಲು ಹೆಸರು ನೆಚ್ಚಿಕೊಂಡರೆ ಆಗದು, ನಂಬರ್ ಬೇಕು. ಮಿನ್ಯುಎಟ್ ಅಂದರೆ ಹಳೆಯ ಒಂದು ನೃತ್ಯದ ಧಾಟಿ; 'ಮಿನ್ಯುಎಟ್ ಇನ್ ಜಿ' ಅಂತ ಹುಡುಕಿದ ಮನೆಗೆ ಬೀಥೋವನ್ನನದು ಬಂದಿತ್ತು. ಇನ್ನೊಂದು ಮನೆಗೆ ಪಾಡೆರೆವ್ಸ್ಕಿಯದು ಬಂದಿತ್ತು, ಅದಂತೂ ಕಛೇರಿಯಲ್ಲಿ ನುಡಿಸುವಂಥದ್ದು. ನಾನು ಕೊಟ್ಟಿದ್ದ ಪೀಸು ಸಂಗೀತಗಾರ ಬಾಕ್‌ನ ಹೆಂಡತಿ ಆನ್ನಾ ಮಗ್ದಲೇನಾ ಬಾಕ್‌ಳ 1725ರ ನೋಟ್‌ಬುಕ್ಕಿನದು. ಅದನ್ನು ಬಹಳ ಕಾಲ ಬಾಕ್‌ನದೇ ಅಂದುಕೊಂಡಿದ್ದರು. ಬರೆದವನು ಕ್ರಿಸ್ಟಿಯಾನ್ ಪೆಟ್ಸೋಲ್ಟ್. ರೆಕಾರ್ಡಿಂಗುಗಳ ಮೇಲೆ ಈಗಲೂ ಎರಡೂ ಹೆಸರು ಇರುತ್ತವೆ. ಆದ್ದರಿಂದ ಹೋಮ್‌ವರ್ಕ್ ಪುಸ್ತಕದಲ್ಲಿ ಈಗ 'ಬಿಡಬ್ಲ್ಯುವಿ ಅನ್ಹಾಂಗ್ 114' ಅಂತಲೇ, ಅಂದರೆ ಬಾಕ್ ಕೃತಿಗಳ ಪಟ್ಟಿಯ ಅನುಬಂಧದ ನಂಬರನ್ನೇ, ಬರೆದು ಕಳಿಸುತ್ತೇನೆ. ಶೂಮನ್ ಆದರೆ 'ಓಪಸ್ 68 ನಂಬರ್ 10'. ಜರ್ಮನ್, ಇಂಗ್ಲಿಷ್, ಫ್ರೆಂಚ್ ಅಂತ ಹೆಸರು ಎಷ್ಟೇ ವೇಷ ಹಾಕಲಿ, ನಂಬರ್ ಬದಲಾಗುವುದಿಲ್ಲ.

ನಂಬರ್ ಹಾಕಿದ ಮೇಲೂ ಹತ್ತಾರು ಬರುತ್ತವೆ. ಮೊದಲು ಕಣ್ಣಿಗೆ ಬೀಳುವುದು ಪರದೆಯ ಮೇಲಿಂದ ಬಣ್ಣದ ಕಡ್ಡಿಗಳು ಕೀಗಳ ಮೇಲೆ ಇಳಿಯುವ ವಿಡಿಯೋ. ಮಕ್ಕಳಿಗೆ ಬಲು ಇಷ್ಟ. ಅವುಗಳಲ್ಲಿ ಬಹಳಷ್ಟರ ದನಿ ಕಂಪ್ಯೂಟರಿನದು: ಎಲ್ಲ ಸ್ವರಕ್ಕೂ ಒಂದೇ ತೂಕ, ಸಾಲಿನ ಕೊನೆಯಲ್ಲಿ ಉಸಿರಿಲ್ಲ, ಯಾವ ಬೆರಳು ಅನ್ನುವುದೂ ಇಲ್ಲ. ದೋಸೆ ಹೊಯ್ಯುವವರ ಕೈ ನೋಡಿಕೊಂಡು ಮನೆಗೆ ಬಂದರೆ ಹಂಚಿನ ಕಾವು ಗೊತ್ತಾಗುವುದಿಲ್ಲ. ಸ್ವರ ಸರಿ ಇದೆಯೋ ಅಂತ ತಾಳೆ ನೋಡುವುದಕ್ಕೆ ಬೇಕಾದರೆ ನೋಡಲಿ, ಕೇಳುವುದಕ್ಕೆ ಬೇಡ ಅಂತ ಹೇಳಿಬಿಟ್ಟಿದ್ದೇನೆ.

ಯೂಟ್ಯೂಬಿನಲ್ಲೇ ಕಲಾವಿದರ ಹೆಸರಿನ ಪಕ್ಕ 'ಟಾಪಿಕ್' ಅಂತ ಇರುವ ಚಾನೆಲ್‌ಗಳಿವೆ. ರೆಕಾರ್ಡ್ ಕಂಪನಿಗಳ ಕಡೆಯಿಂದ ಬಂದ ಆಲ್ಬಮ್‌ಗಳು ತಾವಾಗಿಯೇ ಅಲ್ಲಿ ಸೇರುತ್ತವೆ. ಚಿತ್ರ ನೋಡಿದರೆ ಆಲ್ಬಮ್ಮಿನ ಮುಖಪುಟ ಅಷ್ಟೇ, ಏನೂ ಅಲ್ಲಾಡುವುದಿಲ್ಲ. ಆದರೆ ಯಾರು ನುಡಿಸಿದ್ದು, ಯಾವ ಆಲ್ಬಮ್ ಅನ್ನುವುದು ಕೆಳಗೆ ಇರುತ್ತದೆ. ನಾನು ಮೊದಲು ನೋಡುವುದು ಅಲ್ಲೇ. ಕ್ರಿಸ್ಟೋಫ್ ಎಷೆನ್‌ಬಾಕ್ ಅಂಥ ದೊಡ್ಡ ಪಿಯಾನೊ ವಾದಕ ಶೂಮನ್‌ನ ಓಪಸ್ 68 ಇಡಿಯಾಗಿ ನುಡಿಸಿದ್ದಾನೆ. ನಾಕ್ಸೋಸ್ ಕಂಪನಿಗೆ ಹಂಗೇರಿಯ ಯೆನೋ ಯಾಂಡೋ 'ಮೈಕ್ರೊಕೊಸ್ಮೋಸ್' ಮಾಡಿಕೊಟ್ಟಿದ್ದಾನೆ. ಬಾರ್ಟೋಕ್ ತಾನೇ 1940ರಲ್ಲಿ ಅದರ ಕೆಲವು ಪೀಸು ರೆಕಾರ್ಡ್ ಮಾಡಿದ್ದೂ ಸಿಗುತ್ತದೆ. ಗರಗರ ಸದ್ದಿರುತ್ತದೆ ಅಂತ ಚಿಕ್ಕವರು ಕೇಳುವುದಿಲ್ಲ, ಹೈಸ್ಕೂಲಿನವರಿಗೆ ಕಳಿಸುತ್ತೇನೆ. ಬರೆದವನೇ ನುಡಿಸಿದರೂ ಹಾಳೆಯ ಮೇಲಿನ ತಾಳಕ್ಕೆ ಗಂಟು ಹಾಕಿಕೊಂಡಿಲ್ಲ ಅನ್ನುವುದು ಅವರಿಗೆ ಕೇಳಿಸಲಿ ಅಂತ.

ಹೆಸರು ದೊಡ್ಡದಿದ್ದರೆ ಆಯಿತು ಅಂತಲೂ ಅಲ್ಲ. ಕಳಿಸುವ ಮೊದಲು ಪೂರ್ತಿ ಕೇಳಲೇಬೇಕು, ಅದೂ ಮಗು ಕೇಳುವ ಸಾಧನದಲ್ಲೇ. ಶೂಮನ್‌ನ ಆ ನಂಬರ್ 10, 'ಹ್ಯಾಪಿ ಫಾರ್ಮರ್', ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ರಾಗ ಇರುವುದು ಎಡಗೈಯಲ್ಲಿ. ಬಲಗೈ ಮೇಲೆ ಚಿಕ್ಕ ಚಿಕ್ಕ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು) ಹಾಕುತ್ತಾ ಹೋಗುತ್ತದೆ. ಇದನ್ನು ಅಮ್ಮನ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಬಂದ ಮಕ್ಕಳು ಬಲಗೈಯನ್ನೇ ಕುಟ್ಟುತ್ತಿದ್ದರು, ಎಡಗೈ ಮೆಲ್ಲಗೆ. ನಾನು ಕ್ಲಾಸಿನಲ್ಲಿ ಎಷ್ಟು ಹೇಳಿದರೂ ಮನೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಹಾಗೇ. ಮೊಬೈಲಿನ ಪುಟ್ಟ ಸ್ಪೀಕರಿಗೆ ಕೆಳಗಿನ ಸ್ವರಗಳನ್ನು ಹೊರಡಿಸುವ ಶಕ್ತಿ ಇಲ್ಲ. ಮಕ್ಕಳು ತಮಗೆ ಕೇಳಿಸಿದ್ದನ್ನೇ ನಿಷ್ಠೆಯಿಂದ ನುಡಿಸುತ್ತಿದ್ದರು! ಇಯರ್‌ಫೋನ್ ಹಾಕಿ ಅಥವಾ ಟಿವಿಗೆ ಕನೆಕ್ಟ್ ಮಾಡಿ ಅಂದೆ. ಬಯ್ಗುಳವಿಲ್ಲದೆ ಎಡಗೈ ಮೇಲೆದ್ದಿತು.

ಶ್ರುತಿಯದು ಇನ್ನೊಂದು. ಪೆಟ್ಸೋಲ್ಟ್‌ನ ಮಿನ್ಯುಎಟ್ಟಿಗೆ ಹಾರ್ಪ್ಸಿಕಾರ್ಡಿನ, ಅಂದರೆ ಪಿಯಾನೊಗಿಂತ ಹಳೆಯ ಕೀಗಳ ವಾದ್ಯದ, ಚೆಂದದ ರೆಕಾರ್ಡಿಂಗುಗಳಿವೆ. ಒಂದು ಮನೆಯಲ್ಲಿ ಹುಡುಗ ಅದನ್ನು ಹಾಕಿಕೊಂಡು ಜೊತೆಗೇ ನುಡಿಸಲು ಹೋಗಿ, ಕೂಡದೆ, ಕೀಬೋರ್ಡೇ ಕೆಟ್ಟಿದೆ ಅಂತ ಗಲಾಟೆ ಮಾಡಿದ್ದ. ಕಂಡುಹಿಡಿದವರು ಹಾರ್ಮೋನಿಯಂ ಬಲ್ಲ ಅವನ ಅಜ್ಜ. ಮಾರನೇ ದಿನ ಕರೆದುಕೊಂಡು ಬಂದು, 'ಟೀಚರಮ್ಮ, ಅದರ ಶ್ರುತಿನೇ ಒಂದು ಮನಿ ಇಳಿದೈತಲ್ಲ' ಅಂದರು. ಅವರ ಮಾತು ಸರಿ. ಹಳೆಯ ಕಾಲದ ವಾದ್ಯಗಳಲ್ಲಿ ನುಡಿಸುವವರು ಸಾಮಾನ್ಯವಾಗಿ ಎ ಸ್ವರವನ್ನು 415 ಹರ್ಟ್ಸ್‌ಗೆ ಕೂಡಿಸಿಕೊಳ್ಳುತ್ತಾರೆ. ನಮ್ಮ ಕೀಬೋರ್ಡುಗಳು 440. ವ್ಯತ್ಯಾಸ ಹೆಚ್ಚುಕಮ್ಮಿ ಅರ್ಧ ಸ್ವರ. ಜಿ ಅಂತ ಓದಿದ್ದು ಎಫ್ ಶಾರ್ಪ್ ಆಗಿ ಕೇಳುತ್ತದೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ನಿನಲ್ಲಿ ಒಂದು ಇಳಿಸಿದರೆ ಕೂಡುತ್ತದೆ, ಆದರೆ ಮುಗಿದ ಮೇಲೆ ವಾಪಸ್ ಏರಿಸಲು ಯಾರಿಗೆ ನೆನಪಿರುತ್ತದೆ? ಹಾಗಾಗಿ ಚಿಕ್ಕವರಿಗೆ ಪಿಯಾನೊದ್ದನ್ನೇ ಕಳಿಸುತ್ತೇನೆ, ಹಾರ್ಪ್ಸಿಕಾರ್ಡ್ ಕ್ಲಾಸಿನಲ್ಲಿ ಕೂತು ಕೇಳುತ್ತೇವೆ. ಅಜ್ಜನಿಗೆ ಮಾತ್ರ ಎರಡರ ಲಿಂಕೂ ಹೋಗುತ್ತದೆ.

ಅದೇ ಮಿನ್ಯುಎಟ್ಟಿನಲ್ಲಿ 16 ಅಳತೆಯ (ಬಾರ್‌ನ) ಎರಡು ಭಾಗ, ಎರಡಕ್ಕೂ ರಿಪೀಟ್ ಗುರುತು. ಕೆಲವರು ರಿಪೀಟ್ ಬಿಡುತ್ತಾರೆ, ಕೆಲವರು ಎರಡನೇ ಸಲ ಅಲಂಕಾರ ಸೇರಿಸುತ್ತಾರೆ. ಹಾಳೆ ಹಿಡಿದು ಬೆರಳಿಟ್ಟು ಕೇಳುವ ಮಗು ಎಲ್ಲಿದ್ದೇನೆ ಅಂತ ತಿಳಿಯದೆ ಕಂಗಾಲಾಗುತ್ತದೆ. ಇದನ್ನು ಮೊದಲೇ ಒಂದು ಸಾಲಿನಲ್ಲಿ ಹೇಳಿ ಕಳಿಸಿದರೆ ಸಾಕು.

ವೇಗದ ಬಗ್ಗೆ ಪೋಷಕರೂ ನಾನೂ ಒಮ್ಮತಕ್ಕೆ ಬಂದಿಲ್ಲ. ಬರ್ಗ್‌ಮ್ಯುಲರ್‌ನ ಓಪಸ್ 100 ನಂಬರ್ 2, 'ಅರಬೆಸ್ಕ್', ಪಳಗಿದವರ ಕೈಯಲ್ಲಿ ಮಿಂಚಿನಂತೆ ಹೋಗುತ್ತದೆ. ಅದನ್ನು ಕೇಳಿದ ಮಗು ಮೊದಲ ದಿನವೇ ಅಷ್ಟು ಓಡಲು ಹೋಗಿ ಮುಗ್ಗರಿಸುತ್ತದೆ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಬಹುದು, ಶ್ರುತಿ ಹಾಗೇ ಉಳಿಯುತ್ತದೆ. 0.5ಕ್ಕೆ ಇಳಿಸಿದರೆ ಪಿಯಾನೊದ ದನಿ ನೀರಿನಲ್ಲಿ ಮುಳುಗಿಸಿದ ಹಾಗೆ, ಅದು ಬೇಡ. ಅಷ್ಟು ನಿಧಾನ ಬೇಕಿದ್ದರೆ ನಾನೇ ಕ್ಲಾಸಿನ ಕೊನೆಯಲ್ಲಿ ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತೇನೆ. ಫ್ಯಾನಿನ ಸದ್ದು, ಹೊರಗಿನ ಸ್ಕೂಟರ್ ಎಲ್ಲ ಸೇರಿರುತ್ತದೆ, ಕಲಿಯುವುದಕ್ಕೆ ಏನೂ ತೊಂದರೆಯಿಲ್ಲ. ಪಳಗಿದವರ ರೆಕಾರ್ಡಿಂಗ್ ಪೀಸು ಎಲ್ಲಿಗೆ ಹೋಗಬೇಕು ಅಂತ ತೋರಿಸುತ್ತದೆ, ನನ್ನದು ಈ ವಾರಕ್ಕೆ. ಒಬ್ಬ ತಾಯಿಗೆ ಮಾತ್ರ ನನ್ನ ನಿಧಾನದ ರೆಕಾರ್ಡಿಂಗ್ ಕೇಳಿ, 'ಮಿಸ್‌ಗೇ ಬರಲ್ವಾ' ಅಂತ ಅನುಮಾನ ಬಂದಿತ್ತಂತೆ.

ಯಾವಾಗ ಕೇಳಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಹೊಸ ಪೀಸು ಶುರುಮಾಡುವ ಮುಂಚಿನ ವಾರ, ಕೀಬೋರ್ಡ್ ಮುಟ್ಟದೆ, ಊಟಕ್ಕೆ ಕೂತಾಗ, ಶಾಲೆಯ ವ್ಯಾನಿಗೆ ಕಾಯುವಾಗ. ಆಮೇಲೆ ಸ್ವರ ಓದುವ ವಾರಗಳಲ್ಲಿ ಲಿಂಕ್ ಬಂದ್. ಇಲ್ಲದಿದ್ದರೆ ಚುರುಕು ಕಿವಿಯ ಮಕ್ಕಳು ಹಾಳೆ ನೋಡುವುದನ್ನೇ ಬಿಟ್ಟು ಕೇಳಿದ್ದನ್ನು ಹುಡುಕಿ ಒತ್ತುತ್ತಾರೆ. ಅವರು ಜಾಣರು, ಟೀಚರಿಗೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಎರಡೂ ಕೈ ಕೂಡಿದ ಮೇಲೆ ಮತ್ತೆ ಕೇಳಬಹುದು, ಆಗ ಬೇರೆಯೇ ಸಂಗತಿಗಳು ಕಿವಿಗೆ ಬೀಳುತ್ತವೆ.

ಹಕ್ಕಿನ ವಿಷಯವೂ ಈ ಕೆಲಸದಲ್ಲಿ ಬರುತ್ತದೆ, ವಾರ್ಷಿಕೋತ್ಸವದ ಕಾಲದಲ್ಲಿ ಹೆಚ್ಚು. ಶೂಮನ್, ಚೈಕೋವ್ಸ್ಕಿ ಬರೆದದ್ದಕ್ಕೆ ಹಕ್ಕು ಮುಗಿದು ಕಾಲವಾಯಿತು, ಹಾಳೆಗಳನ್ನು ಐಎಂಎಸ್‌ಎಲ್‌ಪಿ ತಾಣದಿಂದ ಇಳಿಸಿಕೊಳ್ಳಬಹುದು. ರೆಕಾರ್ಡಿಂಗಿಗೆ ಬೇರೆ ಹಕ್ಕು, ನಮ್ಮ ದೇಶದಲ್ಲಿ ಅದು ಪ್ರಕಟವಾಗಿ 60 ವರ್ಷ. ಆಲ್ಬಮ್ಮಿನಿಂದ ತೆಗೆದು ಶಾಲೆಯ ವಿಡಿಯೋ ಹಿನ್ನೆಲೆಗೆ ಹಾಕಬೇಡಿ ಅಂತ ಶಾಲೆಯಲ್ಲಿ ಹೇಳಿದ್ದೇನೆ. ರಷ್ಯಾದ ಸಂಗೀತಗಾರ ಕಬಲೆವ್ಸ್ಕಿಯಂಥವರದು ಇನ್ನೂ ಸೂಕ್ಷ್ಮ. ಅವನು ತೀರಿಕೊಂಡದ್ದು 1987ರಲ್ಲಿ, ಹಾಗಾಗಿ ಬರವಣಿಗೆಯ ಹಕ್ಕೇ ಇಲ್ಲಿ ಉಳಿದಿದೆ, ಪುಸ್ತಕ ಕೊಳ್ಳಬೇಕು. ತಮಾಷೆಯೆಂದರೆ, ಮಗು ತಾನೇ ನುಡಿಸಿದ ಕ್ಲೆಮೆಂಟಿಯನ್ನು ಅಪ್‌ಲೋಡ್ ಮಾಡಿದರೂ ಅದು ಬೇರೆ ಯಾರದೋ ರೆಕಾರ್ಡಿಂಗ್ ಅಂತ ಯೂಟ್ಯೂಬಿನಿಂದ ನೋಟಿಸ್ ಬರುವುದುಂಟು. ಅಲ್ಲೇ ಆಕ್ಷೇಪ ಸಲ್ಲಿಸಬಹುದು. ಆ ಮನೆಯವರಿಗೆ ಮಾತ್ರ ಅದು ಹೆಮ್ಮೆಯ ವಿಷಯವಾಗಿತ್ತು.

ಈಗ ಲಿಂಕ್ ಕಳಿಸುವಾಗ ಒಂದಲ್ಲ, ಎರಡು ಕಳಿಸುತ್ತೇನೆ, ಇಬ್ಬರು ಬೇರೆ ಬೇರೆ ನುಡಿಸಿದ್ದು. ಒಂದೇ ಕೊಟ್ಟರೆ ಅದನ್ನೇ ಅಚ್ಚು ಹೊಡೆಯುತ್ತಾರೆ. ಜೊತೆಗೆ ಒಂದು ಪ್ರಶ್ನೆ: ಯಾರು ಎಲ್ಲಿ ಉಸಿರು ತಗೊಂಡರು, ಯಾರ ಎಡಗೈ ಜೋರು, ಹೀಗೆ. ಉತ್ತರವನ್ನು ವಾಟ್ಸಾಪಿನಲ್ಲಿ ದನಿಯಲ್ಲೇ ಕಳಿಸಬೇಕು, ಅಮ್ಮ ಟೈಪ್ ಮಾಡುವಂತಿಲ್ಲ. ಚೈಕೋವ್ಸ್ಕಿಯ ಆಲ್ಬಮ್ಮಿನ 'ಓಲ್ಡ್ ಫ್ರೆಂಚ್ ಸಾಂಗ್' ಕೊಟ್ಟಾಗ ಒಂದು ನಿಧಾನದ್ದು, ಒಂದು ಸ್ವಲ್ಪ ಚುರುಕಿನದ್ದು ಕಳಿಸಿ, ಯಾವುದು ಇಷ್ಟ, ಯಾಕೆ ಅಂತ ಕೇಳಿದ್ದೆ. ಏಳನೇ ಕ್ಲಾಸಿನ ಹುಡುಗನೊಬ್ಬನ ಉತ್ತರ: 'ಮಿಸ್, ಎರಡನೇದು ಚೆನ್ನಾಗೈತಿ. ಮೊದಲನೇದು ಕೇಳಿದ್ರೆ ನಿದ್ದಿ ಬರ್ತೈತಿ.' ಹಾಗಾದರೆ ಶನಿವಾರ ನಿದ್ದೆ ಬರದ ಹಾಗೆ ನುಡಿಸು ಅಂದೆ. ನುಡಿಸಿದ. ಎರಡೂ ರೆಕಾರ್ಡಿಂಗನ್ನು ಹಿಂದೆ ಹಾಕುವಷ್ಟು ಜೋರಾಗಿ ಓಡಿಸಿದ್ದರಿಂದ ತಾಳ ಹಿಡಿಸುವ ಮೆಟ್ರೊನೋಮ್ ಹೊರತೆಗೆದು ಮತ್ತೆ ಶುರುವಿನಿಂದ ಕೂತೆವು.